ನಿಂದಿತವಾದುದೆಲ್ಲವೂ ನಿಂದ್ಯವೆ?

ಬಹುಜನರು ಒಂದು ವಸ್ತುವನ್ನು ಕೆಟ್ಟದ್ದೆಂದು ಹೇಳಿದ ಮಾತ್ರಕ್ಕೆ ಅದು ಕೆಟ್ಟದ್ದಾಗುವುದೆ? ಮನುಷ್ಯರ ವಿಷಯದಲ್ಲಿ ಈ ಪ್ರಶ್ನೆಯನ್ನು ನಮ್ಮ ಹಿರಿಯರು ಬಹುಕಾಲದಿಂದ ವಿಚಾರಿಸಿದ್ದಾರೆ. ಲೋಕಾಪವಾದಕ್ಕೆ ಗುರಿಯಾದ ಸಾಧ್ವಿಯ ಕಥೆಯನ್ನು ಕೇಳದ ಮನೆ ನಮ್ಮಲ್ಲಿಲ್ಲ. ಆದರೆ ನಿರ್ಜೀವವಾದ ಯಂತ್ರಕ್ಕೂ ಅಪವಾದವುಂಟೆ, ಉಂಟಾದರೂ ಅದನ್ನು ಪರಿಹರಿಸುವುದರಿಂದ ಆಗಬೇಕಾದುದೇನು, ಎಂದು ವಾಚಕರು ಕೇಳಬಹುದು. ಯಂತ್ರಕ್ಕೆ ನಾಚಿಕೆಯಿಲ್ಲ, ನೋವಿಲ್ಲ. ಬೈದರೆ ಅದು ಸೊರಗುವುದಿಲ್ಲ. ನಿಜ. ಆದರೂ ನಿಂದೆಯೆಂಬುದು ಒಂದು ಬಗೆಯ ಸಾಕ್ಷ್ಯ; ತಪ್ಪು ಯಾರದೆಂದು ಅದು ಬೆರಳುಮಾಡಿ ತೋರಿಸುತ್ತದೆ. ಬೆರಳು ಬೇರೆ ಕಡೆಗೆ ತಿರುಗಿದರೆ ನಿಜವಾದ ಅಪರಾಧಿಯು ನಿಶ್ಚಿಂತನಾಗಿ ಮನೆಗೆ ಹೋಗುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯಲ್ಲಿ ನಾವು ಎಮ್ಮೆಗಾಗಿ ಮರುಗುತ್ತೇವೆ. ಎತ್ತಿನ ಜ್ವರವು ವಾಸಿಯಾಗದೆ ಉಳಿಯಿತೆಂಬುದನ್ನು ಮರೆಯುತ್ತೇವೆ.

ವಿಂಡೋಸ್ ವಿಸ್ತಾ ಎಂಬ ಆಪರೇಟಿಂಗ್ ಸಿಸ್ಟಂ ಇದಕ್ಕೊಂದು ನಿದರ್ಶನ. ಕಂಪ್ಯೂಟರಿನಲ್ಲಿ ಆಪರೇಟಿಂಗ್ ಸಿಸ್ಟಂ ಎಂಬುದು ದೊಡ್ಡ ಮನೆಯ ಪಾರುಪತ್ಯಗಾರನಿದ್ದಂತೆ. ಉಗ್ರಾಣದ ಬೀಗದಕೈ ಅವನಲ್ಲಿರುತ್ತದೆ. ಯಾರಿಗೆ ಎಷ್ಟು ಅಳೆದುಕೊಡಬೇಕು, ಯಾರನ್ನು ಒಳಕ್ಕೆ ಬಿಡಬೇಕು ಎಂಬುದನ್ನು ಅವನೇ ನೋಡುತ್ತಾನೆ. ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯು ವಿಸ್ತಾವನ್ನು 2006ರ ನವೆಂಬರಿನಲ್ಲಿ ವ್ಯವಹಾರಸ್ಥರಿಗೂ 2007ರ ಜನವರಿ 30ರಂದು ಸಾಮಾನ್ಯ ಜನರಿಗೂ ಬಿಡುಗಡೆಮಾಡಿತು. ಕೆಲವೇ ತಿಂಗಳುಗಳಲ್ಲಿ ಅದರ ಹೆಸರು ಅಪಹಾಸ್ಯದ ಮಾತಾಯಿತು. ಕೊಂಡ ಯಂತ್ರದಿಂದ ಅದನ್ನು ತೆಗೆಸಿ, ಹಿಂದಿನ ಎಕ್ಸ್‌ಪಿಯನ್ನೇ ಹಾಕಿಸಿಕೊಂಡವರು ಅನೇಕರು.

ಆ ಹಿಂದಿನ ಪಾರುಪತ್ಯಗಾರನ ಆಡಳಿತವು ಹೇಗಿತ್ತೆಂಬುದನ್ನು ನಿಂದಕರು ಸಾಮಾನ್ಯವಾಗಿ ನೆನೆಯುವುದಿಲ್ಲ. 2001ರಲ್ಲಿ ಬಂದ ಎಕ್ಸ್‌ಪಿಯಲ್ಲಿ ಮನೆಯ ಬಳಕೆದಾರನಿಗೆ ಬಹುಮಟ್ಟಿಗೆ ಸರ್ವಾಧಿಕಾರವೇ ದೊರೆಯುತ್ತಿತ್ತು. ಅವನು ತೆರೆದ ಪ್ರತಿಯೊಂದು ಪ್ರೋಗ್ರಾಮಿಗೂ ಅದೇ ಅಧಿಕಾರವು ಸಂಕ್ರಮಿಸುತ್ತಿತ್ತು. ಪಗಡೆಯಾಡಲು ಬಂದ ಅತಿಥಿಗೂ ಉಗ್ರಾಣದ ಬೀಗದಕೈ ಕೊಟ್ಟಂತೆ. ಇದು ಸಾಲದೆಂಬಂತೆ 2003ರಲ್ಲಿ ಬ್ಲಾಸ್ಟರ್, 2004ರಲ್ಲಿ ಸಾಸರ್ ಎಂಬ ‘ಹುಳು’ಗಳು, ಯಂತ್ರದ ಒಡೆಯನು ಏನೊಂದನ್ನೂ ಮುಟ್ಟದಿದ್ದರೂ, ಜಾಲದ ಮೂಲಕ ಹರಿದುಬಂದು ಲೋಕವನ್ನೆಲ್ಲ ಕಾಡಿದುವು. ಭದ್ರತೆಯೇ ಮೊದಲ ಕರ್ತವ್ಯವಾಗಬೇಕೆಂದು ಬಿಲ್ ಗೇಟ್ಸರು 2002ರ ಜನವರಿಯಲ್ಲಿಯೇ ತಮ್ಮ ಸಿಬ್ಬಂದಿಗೆ ಪತ್ರ ಬರೆದಿದ್ದರು. 2004ರಲ್ಲಿ ಸಂಸ್ಥೆಯು ಅದುವರೆಗೆ ಮಾಡಿದ್ದ ಕೆಲಸದಲ್ಲಿ ಬಹುಭಾಗವನ್ನು ಬದಿಗಿಟ್ಟು, ಹೆಚ್ಚು ದೃಢವಾದ ತಳಹದಿಯ ಮೇಲೆ ಪುನಃ ಆರಂಭಿಸಿತು. ಹೀಗೆ ಹುಟ್ಟಿದುದು ವಿಸ್ತಾ.

ಅದರ ಮೇಲಿನ ಆರೋಪಗಳಲ್ಲಿ ಬಹು ಪ್ರಸಿದ್ಧವಾದುದು ‘ಅಪ್ಪಣೆಯುಂಟೆ?’ ಎಂಬ ಅದರ ಪ್ರಶ್ನೆ. ಯಾವುದಾದರೊಂದು ಪ್ರೋಗ್ರಾಂ ವ್ಯವಸ್ಥೆಯ ಒಳಭಾಗವನ್ನು ಬದಲಾಯಿಸಲು ಹೊರಟರೆ ವಿಸ್ತಾ ತೆರೆಯನ್ನು ಮಬ್ಬುಮಾಡಿ, ಕೆಲಸವನ್ನು ತಡೆದು, ಒಡೆಯನ ಸಮ್ಮತಿಯನ್ನು ಬೇಡುತ್ತಿತ್ತು. ಒಂದು ದಿನದಲ್ಲಿ ಹತ್ತು ಸಲ ಕೇಳಿದರೆ ಯಾರಿಗೆ ಬೇಸರವಾಗದು? ನಿಂದಕರ ಪಕ್ಷದಲ್ಲಿ ಇನ್ನೂ ಬಲವಾದ ಮಾತೊಂದಿದೆ. ಕಾವಲುಗಾರನು ಪದೇ ಪದೇ ಬಾಗಿಲು ತಟ್ಟಿದರೆ ಯಜಮಾನನು ಬಂದವರಾರೆಂದು ನೋಡದೆಯೇ ‘ಬಿಡು, ಬಿಡು’ ಎನ್ನುವನು. ಆಗ ಕಾವಲಿದ್ದೂ ಇಲ್ಲದಂತೆಯೇ. ಈ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಲಾರೆವು.

ಆದರೆ ಅಷ್ಟು ಪ್ರಶ್ನೆಗಳು ಹುಟ್ಟಿದುದೇಕೆ? ಅನೇಕ ಪ್ರೋಗ್ರಾಂ ರಚಕರು, ಕಾರಣವಿಲ್ಲದಿದ್ದರೂ, ತಮ್ಮ ಸರಕನ್ನು ಉಗ್ರಾಣದೊಳಗೇ ಇಡುವ ಅಭ್ಯಾಸಕ್ಕೆ ಬಿದ್ದಿದ್ದರು. ಹಿಂದಿನವನು ತಡೆಯದಿದ್ದುದರಿಂದ ಅದು ತಪ್ಪೆಂದೇ ತೋರಿರಲಿಲ್ಲ. ತಡೆದವನು ಬಂದಾಗ ತಪ್ಪು ಬಯಲಾಯಿತು. ಜನರ ಕೋಪವು ತಡೆದವನ ಮೇಲೆಯೇ ಬಿದ್ದಿತು. 2008ರಲ್ಲಿ ಸಾನ್ ಫ್ರಾನ್ಸಿಸ್ಕೋದ ಭದ್ರತಾ ಸಮ್ಮೇಳನವೊಂದರಲ್ಲಿ ಆ ಸಂಸ್ಥೆಯ ಅಧಿಕಾರಿಯೊಬ್ಬರು, ಬಳಕೆದಾರರಿಗೆ ಕಿರಿಕಿರಿಯಾಗಲೆಂದೇ ಇದನ್ನು ಇಟ್ಟೆವೆಂದು ಮುಚ್ಚುಮರೆಯಿಲ್ಲದೆ ಹೇಳಿದರು: ಬಳಕೆದಾರರು ಬೇಸತ್ತರೆ ರಚಕರು ತಿದ್ದಿಕೊಳ್ಳುವರೆಂಬುದು ಅವರ ತರ್ಕ. ನಮ್ಮ ಮಟ್ಟಿಗೆ ಧರ್ಮಸಂಕಟವಿರುವುದು ಇಲ್ಲಿಯೇ. ತಪ್ಪುಮಾಡಿದವನನ್ನು ತಿದ್ದುವುದಕ್ಕಾಗಿ ನಿರಪರಾಧಿಯನ್ನು ಪೀಡಿಸಬಹುದೆ? ಪೀಡಿಸಬಾರದೆಂದೇ ನಮ್ಮ ಅಭಿಪ್ರಾಯ; ಹೇಳದೆ ಕೇಳದೆ ಪೀಡಿಸುವುದಂತೂ ಸರ್ವಥಾ ಸಲ್ಲದು. ಹಣ ಕೊಟ್ಟು ಕೊಂಡವನು ಲೋಕೋಪಕಾರಕ್ಕಾಗಿ ಕಷ್ಟಪಡಲು ಒಪ್ಪಿರಲಿಲ್ಲ. ಆದರೆ ಇದು ಮಾಡಿಸಿದವರ ನೀತಿಯ ಮೇಲಿನ ಆಕ್ಷೇಪವಾಯಿತು. ಅಪ್ಪಣೆಯಿಲ್ಲದೆ ಒಳಕ್ಕೆ ಬಿಡಬಾರದೆಂಬ ನಿಯಮವು ಕೆಟ್ಟದ್ದೆಂದು ಇದರಿಂದ ಸಿದ್ಧವಾಗುವುದಿಲ್ಲ. ರಚಕರು ತಿದ್ದಿಕೊಂಡುದೂ ನಿಜ. ಪ್ರಶ್ನೆಗಳು ಕ್ರಮೇಣ ಕಡಮೆಯಾದುವು.

ಎರಡನೆಯ ಆರೋಪವು ಹಳೆಯ ಪ್ರಿಂಟರು ಮೊದಲಾದ ಉಪಕರಣಗಳು ಕೆಲಸಮಾಡಲಿಲ್ಲ, ಯಂತ್ರವು ನಡುವೆ ನಿಂತುಹೋಗುತ್ತಿತ್ತು ಎಂಬುದು. ಉಪಕರಣಕ್ಕೂ ವ್ಯವಸ್ಥೆಗೂ ನಡುವೆ ದುಭಾಷಿಯಂತಿರುವ ಡ್ರೈವರುಗಳನ್ನು ಬಹುಮಟ್ಟಿಗೆ ಆಯಾ ಉಪಕರಣದ ತಯಾರಕರೇ ಬರೆಯಬೇಕು. ವಿಸ್ತಾದಲ್ಲಿ, ವಿಶೇಷವಾಗಿ ಚಿತ್ರ ಮೂಡಿಸುವ ಭಾಗದಲ್ಲಿ, ಇವುಗಳ ಕ್ರಮ ಬದಲಾಗಿತ್ತು. ಅನೇಕ ತಯಾರಕರು ಸಿದ್ಧರಾಗಿರಲಿಲ್ಲ. ಮುಂದೆ ಮೊಕದ್ದಮೆಯೊಂದರಲ್ಲಿ ಹೊರಬಿದ್ದ ಮೈಕ್ರೋಸಾಫ್ಟಿನ ಕಾಗದಪತ್ರಗಳ ಪ್ರಕಾರ, 2007ರಲ್ಲಿ ಲೆಕ್ಕಕ್ಕೆ ತೆಗೆದುಕೊಂಡ ಕುಸಿತಗಳಲ್ಲಿ ನೂರಕ್ಕೆ 28ಕ್ಕಿಂತ ಹೆಚ್ಚು ಎನ್‌ವಿಡಿಯಾದ ಡ್ರೈವರುಗಳಿಗೆ ಸೇರಿದ್ದುವು. ಮೈಕ್ರೋಸಾಫ್ಟಿನ ಪಾಲಿಗೆ ಬಂದುದು ಸುಮಾರು 18. ಈ ಲೆಕ್ಕವು ಪ್ರತಿವಾದಿಯ ಮನೆಯದೆಂಬುದನ್ನು ನಾವು ಮರೆತಿಲ್ಲ. ಆದರೆ ಜಾಹೀರಾತಿಗಾಗಿ ಬರೆದುದಲ್ಲ. ಹದಿನೆಂಟೂ ಸಣ್ಣ ಪಾಲೇನಲ್ಲ.

ಆ ಮೊಕದ್ದಮೆಯೇ ಬೇರೊಂದು ಕಥೆ. ವಿಸ್ತಾ ಬರುವುದಕ್ಕೆ ಮುಂಚೆ, 2006ರಲ್ಲಿ, ಅಂಗಡಿಯ ಕಂಪ್ಯೂಟರುಗಳ ಮೇಲೆ ‘ವಿಸ್ತಾಕ್ಕೆ ಯೋಗ್ಯ’ ಎಂಬರ್ಥದ ಚೀಟಿ ಅಂಟಿಸಿದರು. ಅವುಗಳಲ್ಲಿ ಕೆಲವು ವಿಸ್ತಾದ ಅತಿ ಸಾಧಾರಣವಾದ ಆವೃತ್ತಿಯನ್ನು ಮಾತ್ರ ನಡೆಸಬಲ್ಲವಾಗಿದ್ದುವು. ಪ್ರಚಾರದಲ್ಲಿ ಮೆರೆಸಿದ ಸೊಬಗೊಂದೂ ಅವುಗಳ ಮೇಲೆ ಕಾಣುವಂತಿರಲಿಲ್ಲ. ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರೇ ಅಂತಹ ಲ್ಯಾಪ್‌ಟಾಪೊಂದನ್ನು ಕೊಂಡು, ಇದು ಪತ್ರ ಬರೆಯಲು ಮಾತ್ರ ಬರುವ ದುಬಾರಿ ಯಂತ್ರವಾಯಿತೆಂದು ಒಳಗೊಳಗೇ ಹಲುಬಿದ್ದರು. ಗ್ರಾಹಕರು 2007ರಲ್ಲಿ ನ್ಯಾಯಾಲಯಕ್ಕೆ ಹೋದುದರಲ್ಲಿ ಆಶ್ಚರ್ಯವೇನು? ಇದನ್ನು ಸಮರ್ಥಿಸುವ ಮನಸ್ಸು ನಮಗಿಲ್ಲ. ವಿಸ್ತಾಕ್ಕೆ ಕನಿಷ್ಠ 512 ಮೆಗಾಬೈಟು, ಚೆನ್ನಾಗಿ ನಡೆಯಲು ಒಂದು ಗಿಗಾಬೈಟು ಸ್ಮೃತಿ ಬೇಕಾಗಿತ್ತು. ಹತ್ತು ಖಂಡುಗ ಹೊರುವ ಗಾಡಿಯೆಂದು ಐದು ಖಂಡುಗದ ಗಾಡಿಯನ್ನು ಮಾರಿದರೆ ತಪ್ಪು ಭತ್ತದ್ದಲ್ಲ, ಮಾರಿದವನದು.

ಸ್ವಂತದ ದೋಷಗಳೂ ವಿಸ್ತಾದಲ್ಲಿ ಇದ್ದುವು. ಕಡತಗಳನ್ನು ಒಂದೆಡೆಯಿಂದ ಮತ್ತೊಂದೆಡೆಗೆ ನಕಲುಮಾಡುವಾಗ ಅದು ಅಸಹ್ಯವಾಗುವಷ್ಟು ನಿಧಾನಿಸುತ್ತಿತ್ತು; 2008ರ ಆರಂಭದಲ್ಲಿ ಬಂದ ಮೊದಲ ಸರ್ವಿಸ್ ಪ್ಯಾಕಿನಲ್ಲಿ ಇದು ಬಹುಪಾಲು ಸರಿಹೋಯಿತು. ಆದರೆ ತಿದ್ದುಪಡಿಯ ಸುದ್ದಿಗೆ ನಿಂದೆಗಿರುವಂತಹ ಕಾಲುಗಳಿಲ್ಲ. ಅದೇ ವರ್ಷ ಮೈಕ್ರೋಸಾಫ್ಟಿನವರು, ವಿಸ್ತಾವನ್ನು ಬಳಸದೆಯೇ ಅದನ್ನು ಹಳಿಯುತ್ತಿದ್ದ ಕೆಲವರಿಗೆ ‘ಮೊಹಾವೆ’ ಎಂಬ ಹೊಸ ವ್ಯವಸ್ಥೆಯನ್ನು ತೋರಿಸುವುದಾಗಿ ಹೇಳಿ, ವಿಸ್ತಾವನ್ನೇ ತೋರಿಸಿದರು. ನೋಡಿದವರು ಮೆಚ್ಚಿದರು. ಇದು ಜಾಹೀರಾತು, ಯಂತ್ರವನ್ನು ಆರಿಸಿದವರೂ ನಡೆಸಿ ತೋರಿಸಿದವರೂ ಸಂಸ್ಥೆಯ ಕಡೆಯವರೇ. ಆದುದರಿಂದ ವಿಸ್ತಾದ ಗುಣಕ್ಕೆ ಇದು ಸಾಕ್ಷಿಯಾಗದು. ಆದರೆ ಅವರ ಹಿಂದಿನ ತಿರಸ್ಕಾರವು ಅನುಭವದಿಂದ ಹುಟ್ಟಿದುದಲ್ಲವೆಂಬುದಕ್ಕೆ ಖಂಡಿತವಾಗಿಯೂ ಸಾಕ್ಷಿ.

ಕನ್ನಡಿಗರಾದ ನಾವು ಒಂದು ಉಪಕಾರವನ್ನು ಸ್ಮರಿಸಬೇಕು. ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಲಿಪಿಯ ಅಕ್ಷರಸಮೂಹವಿದ್ದರೂ, ಒತ್ತಕ್ಷರಗಳು ಸರಿಯಾಗಿ ಮೂಡಬೇಕಾದರೆ ಭಾರತೀಯ ಲಿಪಿಗಳ ಸೌಕರ್ಯವನ್ನು ಬೇರೆಯಾಗಿ, ಸಾಮಾನ್ಯವಾಗಿ ಮೂಲ ಸೀಡಿಯನ್ನು ಹುಡುಕಿ ತಂದು, ಸೇರಿಸಿಕೊಳ್ಳಬೇಕಾಗಿತ್ತು. ವಿಸ್ತಾದಲ್ಲಿ ಅದು ಮೊದಲಿನಿಂದಲೇ ಸಿದ್ಧವಾಗಿತ್ತು. ತಾಯ್ನುಡಿಯನ್ನು ಓದುವುದಕ್ಕೆ ತಂತ್ರಜ್ಞರ ದಾಕ್ಷಿಣ್ಯ ಬೇಕಾಗಲಿಲ್ಲ. ಇದನ್ನು ಯಾರೂ ಹೊಗಳಿದಂತೆ ಕಾಣೆವು.

2009ರ ಅಕ್ಟೋಬರಿನಲ್ಲಿ ವಿಂಡೋಸ್ 7 ಬಂದಿತು, ಲೋಕವು ಕೊಂಡಾಡಿತು. ವಿಸ್ತಾದ ಒಳಗಿನ ಸಂಖ್ಯೆ 6.0, ಇದರದು 6.1. ತಳಹದಿ ಅದೇ. ನಡುವಿನ ಎರಡೂಮುಕ್ಕಾಲು ವರ್ಷಗಳಲ್ಲಿ ಡ್ರೈವರುಗಳು ಸಿದ್ಧವಾಗಿದ್ದುವು, ಯಂತ್ರಗಳ ಶಕ್ತಿ ಹೆಚ್ಚಿತ್ತು. ತಿದ್ದಿ ಒಪ್ಪಮಾಡಿದವರ ಶ್ರಮವೂ ಸೇರಿತ್ತು, ಅದನ್ನು ಅಲ್ಲಗಳೆಯುವುದು ಇನ್ನೊಂದು ಅನ್ಯಾಯ. ಕಾಡು ಕಡಿದು ಮುಳ್ಳು ತುಳಿದವನೊಬ್ಬ, ಫಸಲು ಕೊಯ್ದವನೊಬ್ಬ. ಫಸಲಿನ ದಿನ ಮೊದಲಿನವನನ್ನು ನೆನೆಯದಿದ್ದರೆ ಅದು ಮರೆವು. ಅವನ ಕಾಲಿನ ಮುಳ್ಳನ್ನೇ ಅವನ ಅಯೋಗ್ಯತೆಗೆ ಪ್ರಮಾಣವಾಗಿ ತೋರಿಸುವುದನ್ನು ಮರೆವೆನ್ನಲಾಗದು.

ಇಂದು ವಿಸ್ತಾವನ್ನು ಬಳಸಿರೆಂದು ನಾವು ಯಾರಿಗೂ ಹೇಳುವುದಿಲ್ಲ. 2017ರ ಏಪ್ರಿಲ್ 11ಕ್ಕೆ ಅದರ ಭದ್ರತೆಯ ತಿದ್ದುಪಡಿಗಳು ನಿಂತುವು. ಅದನ್ನು ಜಾಲಕ್ಕೆ ಜೋಡಿಸುವುದು ಅಪಾಯಕರ. ಆದರೆ ಈಗಿನ ವಿಂಡೋಸಿನಲ್ಲಿ ಹೊಸ ಪ್ರೋಗ್ರಾಮೊಂದನ್ನು ಸ್ಥಾಪಿಸಲು ಹೊರಟರೆ, ತೆರೆಯು ಒಂದು ಕ್ಷಣ ಮಬ್ಬಾಗಿ ‘ಅಪ್ಪಣೆಯುಂಟೆ?’ ಎಂಬ ಅದೇ ಪ್ರಶ್ನೆ ಮೂಡುತ್ತದೆ. ಜನರು ಉತ್ತರವನ್ನು ಒತ್ತಿ, ಬೈಯದೆ, ತಮ್ಮ ಕೆಲಸವನ್ನು ಮುಂದುವರಿಸುತ್ತಾರೆ.