ಪಟ್ಟಣದ ಬಾಗಲಲ್ಲಿ ಕೂತಿದ್ದ ನಾಲ್ವರು

(ಎರಡನೆಯ ಅರಸುಗಳು 7ನೆಯ ಅಧ್ಯಾಯ, 3ರಿಂದ 11ರ ವರೆಗಿನ ವಚನಗಳನ್ನು ಮೊದಲು ಓದಿಕೊಳ್ಳಿರಿ.)



ಅರಾಮ್ಯರ ಅರಸನಾದ ಬೆನ್ಹದದನು ಸಮಾರ್ಯಕ್ಕೆ ಮುತ್ತಿಗೆ ಹಾಕಿದ ಕಾಲದಲ್ಲಿ ಆ ಪಟ್ಟಣದೊಳಗೆ ಎಂಥಾ ಕ್ಷಾಮವಿತ್ತೆಂಬದನ್ನು ಹಿಂದಿನ ಅಧ್ಯಾಯದಲ್ಲಿ ಓದುತ್ತೇವೆ. ಒಂದು ಕತ್ತೆಯ ತಲೆಗೆ 80 ಬೆಳ್ಳಿಯ ನಾಣ್ಯಗಳ ಕ್ರಯವಿತ್ತು. ಒಳಗಿನವರ ಸ್ಥಿತಿಯೇ ಹೀಗಿರಲಾಗಿ, ಬಾಗಲ ಹೊರಗೆ ಕೂತಿದ್ದ ನಾಲ್ಕು ಮಂದಿ ಕುಷ್ಠರೋಗಿಗಳ ಸ್ಥಿತಿಯನ್ನು ಯಾರು ಕೇಳುವರು? ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಅವರು ಜನರಿಂದ ಪ್ರತ್ಯೇಕವಾಗಿ ವಾಸಿಸಬೇಕಾಗಿತ್ತು. ಒಳಗೆ ಹೋದರೆ ಹಸಿವೆಯಿಂದ ಸಾವು, ಕೂತಲ್ಲಿಯೇ ಕೂತರೂ ಸಾವು, ಮುಂದೆ ನಡೆದರೆ ಶತ್ರುವಿನ ಪಾಳೆಯ. ಆದರೂ ಅವರಿಗೆ ಒಂದು ಭಾಗ್ಯವಿತ್ತು. ಅದೇನಂದರೆ, ಅವರು ನಾಲ್ವರಿದ್ದರು. ಸಾಯುವ ತನಕ ನಾವು ಇಲ್ಲಿ ಯಾಕೆ ಕೂತಿರಬೇಕೆಂದು ಒಬ್ಬರಿಗೊಬ್ಬರು ಮಾತಾಡಿಕೊಂಡರು. ಮಾತಾಡಿ, ಮೊಬ್ಬಾಗುವ ಹೊತ್ತಿಗೆ ಎದ್ದು ಹೊರಟರು.

ಎಲೀಷನು ಅವರ ಬಳಿಗೆ ಬಂದು ಎಬ್ಬಿಸಿದನೆಂದು ಬರೆದಿಲ್ಲ. ಅರಸನು ಸೇವಕರನ್ನು ಕಳುಹಿಸಿದನೆಂದೂ ಬರೆದಿಲ್ಲ. ಪ್ರವಾದಿಯು ಪಟ್ಟಣದೊಳಗೆ ಇದ್ದನು. ಅವನು ಹೇಳಿದ ವಾಕ್ಯವು ಸತ್ಯವೇ ಆಗಿತ್ತು. ಆದರೆ ಬಾಗಲ ಹೊರಗಿದ್ದವರನ್ನು ಎಬ್ಬಿಸಿದ್ದು ಅವರಂಥವರದೇ ಮಾತು.

ಕುಷ್ಠವು ಈಗ ಔಷಧದಿಂದ ಗುಣವಾಗುವ ರೋಗ. ಅದರ ನಿಮಿತ್ತ ಯಾರೂ ಹೊರಗೆ ಕೂಡ್ರಬೇಕಾದದ್ದಿಲ್ಲ. ಆದರೂ ನಮ್ಮ ಸಭೆಗಳ ಬಾಗಲ ಹೊರಗೆ ಇಂದಿಗೂ ಕೂತಿರುವ ಒಬ್ಬನಿದ್ದಾನೆ. ಅವನು ಯಾರೆಂದು ನಿಮಗೆ ಗೊತ್ತು. ಅವನ ಹೆಂಡತಿ ಒಳಗೆ ಪ್ರಾರ್ಥಿಸುತ್ತಿರುವಾಗ ಅವನು ಹುಣಸೇಮರದ ಬುಡದಲ್ಲಿ ಬೀಡಿ ಸೇದುತ್ತಾ ಕೂತಿರುತ್ತಾನೆ. ಕುಡಿಯುವದನ್ನು ಬಿಡಬೇಕೆಂಬ ಆಶೆ ಅವನಿಗೆ ಇಲ್ಲವೆಂದು ನೀವು ನೆನಸುವದಾದರೆ, ಅವನೊಂದಿಗೆ ನೀವು ಎಂದೂ ಮಾತಾಡಿಲ್ಲ.

ಇಲ್ಲಿ ನನ್ನ ತಪ್ಪನ್ನು ಹೇಳದೆ ಮುಂದೆ ಹೋಗಲಾರೆನು. ಅನೇಕ ವರುಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಸಭೆಯಲ್ಲಿ ಗಾರೆ ಕೆಲಸದವನೊಬ್ಬನಿದ್ದನು. ಕೈಕೆಲಸದಲ್ಲಿ ಬಹು ಜಾಣ. ದೇವಾಲಯದ ಮೆಟ್ಟಲುಗಳನ್ನು ಕೂಲಿಯಿಲ್ಲದೆ ಕಟ್ಟಿಕೊಟ್ಟವನು. ಆದರೆ ಸಂಜೆಯಾದ ಮೇಲೆ ಅವನು ಮನುಷ್ಯನಾಗಿರುತ್ತಿರಲಿಲ್ಲ. ಒಂದು ವರುಷದ ಕಡೇ ರಾತ್ರಿಯ ಆರಾಧನೆಯಲ್ಲಿ ನಾನು ಅವನನ್ನು ಮುಂದಕ್ಕೆ ಕರೆದು, ಇನ್ನು ಮೇಲೆ ಮುಟ್ಟುವದಿಲ್ಲವೆಂದು ಸಭೆಯ ಎದುರಿನಲ್ಲಿ ಪ್ರತಿಜ್ಞೆ ಮಾಡಿಸಿದೆನು. ಸ್ತ್ರೀಯರು ಅತ್ತರು. ನಾನು ಮನೆಗೆ ಬಂದು ಸಂತೋಷದಿಂದ ಮಲಗಿಕೊಂಡೆನು. ಮರುದಿನ ಕೆಲಸ ಬಿಟ್ಟ ಮೇಲೆ ಅವನು ಯಾರ ಜೊತೆಯಲ್ಲಿ, ಯಾವ ದಾರಿಯಿಂದ ಮನೆಗೆ ಬಂದನೆಂಬದನ್ನು ವಿಚಾರಿಸಲೇ ಇಲ್ಲ. ಹದಿನೆಂಟು ದಿವಸ ಅವನು ತಡೆದನು. ಹತ್ತೊಂಭತ್ತನೆಯದು ಕೂಲಿ ಬಟವಾಡೆಯ ದಿವಸ.

ಹಿರಿಯರು ಕೂಡಿಕೊಂಡು ಅವನನ್ನು ಕರ್ತನ ಭೋಜನದಿಂದ ತಡೆದರು, ನಾನೂ ಒಪ್ಪಿದೆನು. ಅನಂತರ ಅವನ ಮನೆಗೆ ಹೋಗಿ ಬುದ್ಧಿ ಹೇಳಿದಾಗ ಅವನು ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿದನು. ಕಡೆಗೆ, "ಅಯ್ಯನವರೇ, ತಾವು ಹೇಳುವದೆಲ್ಲಾ ಸರಿಯೇ. ಆದರೆ ಸಾಯಂಕಾಲ ಆರು ಗಂಟೆ ಅಂದರೆ ಏನೆಂಬದು ತಮಗೆ ಗೊತ್ತಿಲ್ಲ" ಅಂದನು. ನನಗೆ ಉತ್ತರ ಬಾರದೆ, ಪ್ರಾರ್ಥನೆ ಮಾಡಿ ಎದ್ದು ಬಂದೆನು.

ಆ ಮಾತಿನ ಭಾರವು ನನಗೆ ತಿಳಿದದ್ದು ಬಹು ಕಾಲದ ಮೇಲೆ, ಅಮೇರಿಕ ದೇಶದ ಒಹಾಯೊ ಸೀಮೆಯಲ್ಲಿರುವ ಆಕ್ರನ್ ಎಂಬ ಪಟ್ಟಣದಲ್ಲಿ ನಡೆದ ಸಂಗತಿಯನ್ನು ಓದಿದಾಗ. 1935ನೆಯ ಇಸವಿ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬವನು ನ್ಯೂಯಾರ್ಕಿನಿಂದ ವ್ಯಾಪಾರದ ಕೆಲಸಕ್ಕಾಗಿ ಅಲ್ಲಿಗೆ ಬಂದಿದ್ದನು. ಅವನು ಮಹಾ ಕುಡಿಕನಾಗಿದ್ದು, ಹಿಂದಿನ ವರುಷದ ದಶಂಬರದಿಂದ ಮುಟ್ಟದೆ ಇದ್ದನು. ಬಂದ ಕೆಲಸವು ಕೆಟ್ಟುಹೋಯಿತು; ಕೈಯಲ್ಲಿ ಹಣವಿಲ್ಲ; ಪರಸ್ಥಳ. ಅವನು ಇಳಿದುಕೊಂಡಿದ್ದ ಹೋಟೆಲಿನ ಅಂಗಳದ ಒಂದು ಕಡೆಯಲ್ಲಿ ಕುಡಿಯುವ ಕೋಣೆಯಿಂದ ನಗುವಿನ ಶಬ್ದ ಕೇಳಿಸುತ್ತಿತ್ತು. ಮತ್ತೊಂದು ಕಡೆಯಲ್ಲಿ ಆ ಊರಿನ ದೇವಾಲಯಗಳ ಪಟ್ಟಿಯೂ ಟೆಲಿಫೋನೂ ಇದ್ದವು. ಅವನು ಟೆಲಿಫೋನಿನ ಕಡೆಗೆ ಹೋಗಿ ಒಬ್ಬ ಸಭಾಪಾಲಕರನ್ನು ಕರೆದು, ತನ್ನಂತೆಯೇ ಕುಡಿತದಿಂದ ಬಾಧೆಪಡುವ ಮತ್ತೊಬ್ಬನ ಸಂಗಡ ತಾನು ಮಾತಾಡಬೇಕೆಂದು ಕೇಳಿದನು. ಉಪದೇಶ ಮಾಡುವವನನ್ನು ಅವನು ಕೇಳಲಿಲ್ಲವೆಂಬದನ್ನು ಗಮನಿಸಿರಿ.

ಒಬ್ಬ ಭಕ್ತೆಯಾದ ಸ್ತ್ರೀಯ ಮೂಲಕ ಅವನಿಗೆ ರಾಬರ್ಟ್ ಸ್ಮಿತ್ ಎಂಬ ಡಾಕ್ಟರರ ಪರಿಚಯವಾಯಿತು. ಈ ಡಾಕ್ಟರರು ಶಸ್ತ್ರವೈದ್ಯರು. ಕುಡಿತದಿಂದ ತಮ್ಮ ಹೆಸರನ್ನೂ ಸಂಪಾದನೆಯನ್ನೂ ಬಹಳ ಮಟ್ಟಿಗೆ ಕಳಕೊಂಡವರು. ಅವರಿಗಾಗಿ ಸ್ನೇಹಿತರು ಪ್ರಾರ್ಥಿಸುತ್ತಿದ್ದರು, ಸದ್ಬೋಧೆಗೆ ಕೊರತೆಯಿರಲಿಲ್ಲ. ಹದಿನೈದು ನಿಮಿಷ ಮಾತ್ರ ಕೂಡ್ರುವೆನೆಂದು ಹೇಳಿ ಬಂದವರು, ಆರು ತಾಸಿಗಿಂತ ಹೆಚ್ಚು ಹೊತ್ತು ಕೂತರು. ಯಾಕಂದರೆ ಕುಡಿತದ ವಿಷಯದಲ್ಲಿ ಅನುಭವದಿಂದ ಮಾತಾಡುವ ಮನುಷ್ಯನನ್ನು ಅವರು ಅದೇ ಮೊದಲ ಸಾರಿ ಕಂಡರು. ಅನಂತರವೂ ಡಾಕ್ಟರರು ಒಂದು ಸಾರಿ ಬಿದ್ದರು. ವಿಲ್ಸನನು ಅವರನ್ನು ಬಿಟ್ಟುಹೋಗಲಿಲ್ಲ. 1935ನೆಯ ಜೂನ್ 10ರಂದು ಅವರು ಕಡೇ ಸಾರಿ ಕುಡಿದರು. 1950ರಲ್ಲಿ ತೀರಿಹೋಗುವ ವರೆಗೆ ಮತ್ತೆ ಮುಟ್ಟಲಿಲ್ಲ. ಇಬ್ಬರೂ ಕೂಡಿ ಆಸ್ಪತ್ರೆಗೆ ಹೋಗಿ, ಹಾಸಿಗೆಯಲ್ಲಿ ಬಿದ್ದಿದ್ದ ಮೂರನೆಯ ಕುಡಿಕನೊಬ್ಬನನ್ನು ಕಂಡರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘವು ಹೀಗೆ ಹುಟ್ಟಿತು. ಅನಾನಿಮಸ್ ಅಂದರೆ ಹೆಸರು ತಿಳಿಸದವರು. ಆ ನಾಲ್ಕು ಮಂದಿ ಕುಷ್ಠರೋಗಿಗಳ ಹೆಸರುಗಳೂ ಸತ್ಯವೇದದಲ್ಲಿಲ್ಲ. ಈ ಸಂಘದ ಕೂಟಗಳು ಬೆಂಗಳೂರು, ಮಂಗಳೂರು ಮುಂತಾದ ಪಟ್ಟಣಗಳಲ್ಲಿಯೂ ನಡೆಯುತ್ತವೆ. ಸೇರುವದಕ್ಕೆ ಹಣ ಕೇಳುವದಿಲ್ಲ, ಕುಲ ಕೇಳುವದಿಲ್ಲ.

ಆದರೆ ನಮ್ಮಲ್ಲಿ ಹೆಚ್ಚಿನವರು ಪಟ್ಟಣದಿಂದ ದೂರದಲ್ಲಿರುವ ಹಳ್ಳಿಗಳವರು. ಆದದರಿಂದ ನಮ್ಮ ಹಳ್ಳಿಯಲ್ಲಿಯೇ ಮಾಡಬಹುದಾದದ್ದನ್ನು ಹೇಳುತ್ತೇನೆ.

ಆ ಗಾರೆ ಕೆಲಸದವನು ಎರಡು ವರುಷಗಳ ಮೇಲೆ ಪುನಃ ಎದ್ದನು, ನನ್ನಿಂದಲ್ಲ. ಅವನ ದೂರದ ನೆಂಟನಾದ ಗಾಡಿ ಹೊಡೆಯುವವನೊಬ್ಬನು ತಾನೂ ಕುಡಿಯುತ್ತಿದ್ದು, ಒಂದು ದಿವಸ ಅವನ ಬಳಿಗೆ ಬಂದು, "ಭಾವಾ, ನನ್ನೊಬ್ಬನ ಕೈಯಲ್ಲಿ ಆಗುವದಿಲ್ಲ, ಸಂಜೆ ನನ್ನ ಜೊತೆ ನಡೆದು ಬರುತ್ತೀಯಾ?" ಎಂದು ಕೇಳಿದನು. ಇಷ್ಟೇ. ಅಂಗಡಿಯಿರುವ ರಸ್ತೆಯನ್ನು ಬಿಟ್ಟು ಕಾಲುವೆಯ ಏರಿಯ ಮೇಲೆ ಇಬ್ಬರೂ ನಡೆದು ಬರುತ್ತಿದ್ದರು. ಆ ದಾರಿ ಅರ್ಧ ಮೈಲು ಹೆಚ್ಚು. ಕೆಲಸ ಬಿಟ್ಟ ಕೂಡಲೆ ಹುರಿಗಡಲೆಯನ್ನೋ ಮುದ್ದೆಯನ್ನೋ ತಿಂದುಕೊಂಡು ಹೊರಡುವರು, ಯಾಕಂದರೆ ಬರೀ ಹೊಟ್ಟೆಯು ಕುಡಿತವನ್ನು ಕರೆಯುತ್ತದೆ. ಕೂಲಿಯ ದಿವಸ ಹಣವು ಮೊದಲು ಹೆಂಡತಿಯ ಕೈಗೆ ಹೋಗುವದು. ಶನಿವಾರ ರಾತ್ರಿ ಗಾಡಿಯವನ ಜಗಲಿಯ ಮೇಲೆ ಕೂತು, ಆ ವಾರದಲ್ಲಿ ಎಷ್ಟು ದಿನ ಕುಡಿದೆವು, ಎಷ್ಟು ಕುಡಿದೆವು ಎಂದು ಒಬ್ಬರಿಗೊಬ್ಬರು ಇದ್ದದ್ದನ್ನು ಇದ್ದ ಹಾಗೆ ಹೇಳುವರು. ಗಾರೆಯವನಿಗೆ ಓದು ಬಾರದು. ಗೋಡೆಯ ಮೇಲೆ ಇದ್ದಲಿನಿಂದ ಗೀಟು ಹಾಕುತ್ತಿದ್ದನು. ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಂಡು ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಬೇಕೆಂದು ಯಾಕೋಬನು ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಅಪ್ಪಣೆ ಕೊಟ್ಟಿದ್ದಾನೆ. ಇದರ ಮೇಲೆ ನಾನು ಹತ್ತು ಸಾರಿ ಪ್ರಸಂಗ ಮಾಡಿದ್ದೆನು. ಮಾಡುವದನ್ನು ಕಂಡದ್ದು ಆ ಜಗಲಿಯ ಮೇಲೆ.

ಇಲ್ಲಿ ಕೆಲವರು ಆಕ್ಷೇಪಣೆ ಮಾಡುವರು: ಪೂರ್ತಿಯಾಗಿ ಬಿಡದೆ ಕಡಿಮೆ ಮಾಡುತ್ತೇನೆನ್ನುವವನನ್ನು ನಾವು ಹೇಗೆ ಒಪ್ಪಬಹುದು? ಪಾಪವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುವದುಂಟೋ? ಪ್ರಿಯರೇ, ನಾಲ್ಕು ಗೀಟು ಎರಡಾದದ್ದನ್ನು ನೋಡಿ ನಗಬೇಡಿರಿ. ಆ ಕುಷ್ಠರೋಗಿಗಳು ಎದ್ದು ಹೊರಟ ಕ್ಷಣದಲ್ಲಿ ಪಾಳೆಯವನ್ನು ಮುಟ್ಟಿರಲಿಲ್ಲ, ಮೊಬ್ಬಿನಲ್ಲಿ ನಡೆಯುತ್ತಿದ್ದರು. ಆದರೆ ಮತ್ತೊಂದು ಮಾತನ್ನೂ ಹೇಳಬೇಕು. ಮೊದಲನೆಯ ಲೋಟವನ್ನು ಮುಟ್ಟಿದರೆ ನಿಲ್ಲಿಸಲಾರದ ಮನುಷ್ಯರಿದ್ದಾರೆ. ಅಂಥವನಿಗೆ ಕಡಿಮೆ ಮಾಡುವದೆಂಬದು ದಾರಿಯೇ ಅಲ್ಲ. ಇದನ್ನು ಹೆಂಡತಿ ಹೇಳಿದರೆ ಜಗಳವಾಗುವದು, ನಾನು ಹೇಳಿದರೆ ಹೂಂ ಅನ್ನುವನು. ಗಾಡಿಯವನು ಮೂರು ತಿಂಗಳ ಗೀಟುಗಳನ್ನು ತೋರಿಸಿ, "ನೋಡು ಭಾವಾ, ಒಂದು ಹಾಕಿದ ದಿನವೆಲ್ಲಾ ಐದಾಗಿದೆ, ನಿನಗೆ ಒಂದೂ ಆಗದು" ಎಂದು ಹೇಳಿದಾಗ ಅವನು ಒಪ್ಪಿಕೊಂಡನು.

ಒಂದು ಎಚ್ಚರಿಕೆಯನ್ನು ಎಲ್ಲಾ ಸಭೆಗಳವರೂ ನೆನಪಿನಲ್ಲಿಡಬೇಕು. ಬಹು ವರುಷ ದಿನಾಲೂ ಹೆಚ್ಚಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ, ಒಂದು ದಿವಸದೊಳಗೇ ಕೈಗಳು ನಡುಗಿ ಮೈ ಬೆವರಬಹುದು. ಒಂದೆರಡು ದಿವಸಗಳಲ್ಲಿ ಫಿಟ್ಸು ಬರಬಹುದು. ಎರಡನೆಯ ದಿವಸದಿಂದ ನಾಲ್ಕನೆಯ ದಿವಸದೊಳಗೆ ಬುದ್ಧಿ ಭ್ರಮಿಸಿ, ಇಲ್ಲದ್ದನ್ನು ಕಂಡು ಕೂಗಬಹುದು. ಅದು ದೆವ್ವವಲ್ಲ. ಮಂತ್ರವಾದಿಯನ್ನು ಕರೆಯಬೇಡಿರಿ, ಪ್ರಾರ್ಥನೆ ಮಾಡಿ ಮನೆಯಲ್ಲಿಯೇ ಇಟ್ಟುಕೊಳ್ಳಲೂ ಬೇಡಿರಿ. ಇದರಿಂದ ಮನುಷ್ಯರು ಸಾಯುತ್ತಾರೆ. ಆದದರಿಂದ ಅಂಥವನು ಡಾಕ್ಟರರನ್ನು ಕೇಳಿಯೇ ನಿಲ್ಲಿಸಲಿ. ಸರಕಾರೀ ಆಸ್ಪತ್ರೆಯಲ್ಲಿ ಇದಕ್ಕೆ ಔಷಧವುಂಟು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವದಕ್ಕೆಂದೇ ಪ್ರತ್ಯೇಕ ವಿಭಾಗವುಂಟು. ಅವನ ಜೊತೆಯಲ್ಲಿ ಒಬ್ಬನು ಹೋಗಲಿ, ಹಾಸಿಗೆಯ ಬಳಿಯಲ್ಲಿ ಕೂಡ್ರಲಿ.

ಅಂಗಡಿಗಳನ್ನು ಮುಚ್ಚಿಸಿದರೆ ಸಾಕೆಂದು ನಾವೆಲ್ಲರೂ ಒಂದು ಕಾಲದಲ್ಲಿ ನೆನಸಿದೆವು. 2007ನೆಯ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯು ನಿಷೇಧಿಸಲ್ಪಟ್ಟಿತು. ಸಾರಾಯಿ ಕುಡಿಯುತ್ತಿದ್ದವರಲ್ಲಿ ಅನೇಕರು 90 ಮಿಲಿಲೀಟರಿನ ವಿಸ್ಕಿ ಪೊಟ್ಟಣದ ಕಡೆಗೆ ತಿರುಗಿದರು. ನಿಷೇಧವು ಬೇಡವಿತ್ತೆಂದು ನಾನು ಹೇಳುವದಿಲ್ಲ. ಆದರೆ ಕುಡಿಯುವವನಿಗೆ ಅಂಗಡಿಯು ಬರೀ ದ್ರವ್ಯವನ್ನು ಕೊಡುವದಿಲ್ಲ. "ಬಾ ಅಣ್ಣಾ, ಕೂತುಕೋ" ಅನ್ನುವವರನ್ನೂ ಕೊಡುತ್ತದೆ. ನಮ್ಮ ಪೂರ್ವಿಕರ ವಿಷಯವನ್ನು ನೆನಸಿರಿ. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದ ತರುವಾಯ, ಆ ಸೀಮೆಯಲ್ಲಿ ಕಳ್ಳು ಇಳಿಸುವ ಕುಲದವರಲ್ಲಿ ಅನೇಕರು ಕ್ರಿಸ್ತನನ್ನು ನಂಬಿದರು. ಅವರಿಗೆ ಬುದ್ಧಿಹೇಳಿ ಕೈಬಿಡಲಿಲ್ಲ. ನೇಯಿಗೆಯ ಕೆಲಸವೂ, 1865ರಿಂದ ಹಂಚಿನ ಕಾರ್ಖಾನೆಯ ಕೆಲಸವೂ, ಜೊತೆಯಲ್ಲಿ ಬಾಳುವ ನೆರೆಯವರೂ ದೊರಕಿದರು.

ಸಭೆಯ ಹಿರಿಯರಿಗೆ ಒಂದು ಮಾತು. ಆ ನಾಲ್ವರು ಪಾಳೆಯದಲ್ಲಿ ಹೊಟ್ಟೆ ತುಂಬ ತಿಂದು, ಬೆಳ್ಳಿ ಬಂಗಾರವನ್ನು ಬಚ್ಚಿಟ್ಟ ಮೇಲೆ, ಶುಭವರ್ತಮಾನದ ದಿವಸದಲ್ಲಿ ಸುಮ್ಮಗಿರುವದು ಸರಿಯಲ್ಲವೆಂದು ಹಿಂದಿರುಗಿ ಬಂದು, ಬಾಗಲು ಕಾಯುವವರನ್ನು ಕೂಗಿದರು. ಅರಸನು ಮೊದಲು ನಂಬಲಿಲ್ಲ. ಶತ್ರುಗಳ ಮೋಸವೆಂದು ನೆನಸಿದನು. ಬಾಗಲು ಕಾಯುವವರಾದರೋ, ಕೂಗಿದವರು ಕುಷ್ಠರೋಗಿಗಳೆಂದು ತಿರಸ್ಕರಿಸದೆ ಸುದ್ದಿಯನ್ನು ಒಳಗೆ ಮುಟ್ಟಿಸಿದರು. ನೀವು ಬಾಗಲು ಕಾಯುವವರು. ಜಗಲಿಯ ಮೇಲೆ ಹೇಳಿದ ಮಾತು ಬಾವಿಕಟ್ಟೆಗೆ ಹೋಗದಂತೆ ನೋಡಿಕೊಳ್ಳಿರಿ. ಹೋಯಿತೆಂದರೆ ಮುಂದಿನ ಶನಿವಾರ ಯಾರೂ ಬರರು. ಕ್ರಿಸ್ಮಸಿನ ವಾರದಲ್ಲಿಯೂ ಮದುವೆಗಳಲ್ಲಿಯೂ ಅವರನ್ನು ಒಂಟಿಯಾಗಿ ಬಿಡಬೇಡಿರಿ. (ಕರ್ತನು ಹುಟ್ಟಿದ ರಾತ್ರಿಯಲ್ಲಿಯೇ ನಮ್ಮವರು ಹೆಚ್ಚಾಗಿ ಬೀಳುತ್ತಾರೆಂಬದು ನಾಚಿಕೆಯ ಸಂಗತಿ, ಆದರೂ ನಿಜ.) ಬಿದ್ದವನ ಮನೆಗೆ ಮರುದಿನ ಬೆಳಿಗ್ಗೆಯೇ ಯಾರಾದರೂ ಹೋಗಲಿ; ತಡೆದಿಟ್ಟ ಭೋಜನದ ಮಾತನ್ನು ಆಮೇಲೆ ಆಡಬಹುದು. ಅವರ ಹೆಂಡತಿಯರಿಗೂ ಒಂದು ಜಗಲಿ ಬೇಕಾಗಿದೆ. ಅವರ ದುಃಖವನ್ನು ಬೈಬಲ್ ಸ್ತ್ರೀಯರು ವಿಚಾರಿಸಲಿ.

ಗಾರೆಯವನು ಈಗ ಮುದುಕನಾಗಿದ್ದಾನೆ. ಗಾಡಿಯವನು ಮೂರು ಸಾರಿ ಬಿದ್ದು ಮೂರು ಸಾರಿ ಎದ್ದು, ಕಡೆಗೆ ಲಿವರಿನ ರೋಗದಿಂದ ತೀರಿಹೋದನು. ತೀರಿಹೋಗುವಾಗ ಎರಡು ವರುಷದಿಂದ ಮುಟ್ಟಿರಲಿಲ್ಲ. ಕಳೆದ ಸಾರಿ ನಾನು ಆ ಹಳ್ಳಿಗೆ ಹೋದಾಗ ಶನಿವಾರವಾಗಿತ್ತು. ಜಗಲಿಯ ಮೇಲೆ ಮುದುಕನೂ, ಇಪ್ಪತ್ತೈದು ವರುಷದ ಒಬ್ಬ ಟ್ರಾಕ್ಟರ್ ಡ್ರೈವರನೂ, ನಮ್ಮ ಸಭೆಯವನಲ್ಲದ ಮತ್ತೊಬ್ಬನೂ ಕೂತಿದ್ದರು. ನಾನು ಹತ್ತಿರ ಹೋದಾಗ ಮುದುಕನು ಎದ್ದು ಕೈಮುಗಿದು, "ಅಯ್ಯನವರು ಸ್ವಲ್ಪ ಆ ಕಡೆ ಕೂತಿರಬೇಕು, ಈ ಹುಡುಗ ಮಾತಾಡುತ್ತಾ ಇದ್ದಾನೆ" ಅಂದನು. ನಾನು ಅಂಗಳದ ಆಚೆಗೆ ಹೋಗಿ, ಗಾಡಿಯ ಮೂಕಿಯ ಮೇಲೆ ಕೂತುಕೊಂಡೆನು.