ಬಿದ್ದ ಕಂಬಗಳು

(ಮಳೆಗಾಲ ಕಳೆದ ಮೇಲಿನ ಒಂದು ಸಂಜೆ. ಶಿವನಸಮುದ್ರದ ದ್ವೀಪವನ್ನು ಸತ್ತೇಗಾಲದ ಕಡೆಯ ದಡಕ್ಕೆ ಕೂಡಿಸುತ್ತಿದ್ದ, ಊರವರು ವೆಸ್ಲಿ ಸೇತುವೆಯೆಂದು ಕರೆಯುವ ಹಳೆಯ ಕಲ್ಲುಸೇತುವೆಯ ಬಳಿ ಚಿತ್ರಕಾರನೊಬ್ಬನು ಬಂಡೆಯ ಮೇಲೆ ಕುಳಿತು ಚಿತ್ರ ಬರೆಯುತ್ತಿದ್ದಾನೆ. ಬಾಲ್ಯದಲ್ಲಿ ಅವನಿಗೆ ಪಾಠ ಹೇಳಿದ್ದ ಉಪಾಧ್ಯಾಯರು ಪಕ್ಕದಲ್ಲಿ ನಿಂತು ನೋಡುತ್ತಿದ್ದಾರೆ.)

ಉಪಾಧ್ಯಾಯರು: ಕೈ ಚೆನ್ನಾಗಿ ಪಳಗಿದೆಯಪ್ಪಾ. ಕಲ್ಲಿನ ಒರಟುತನವೂ, ನೂರಾರು ಮಳೆಗಾಲಗಳ ನೀರು ಅದಕ್ಕೆ ಹಿಡಿಸಿದ ಕಪ್ಪೂ ಕಣ್ಣಿಗೆ ಕಟ್ಟುವಂತಿವೆ. ಆದರೆ ನನ್ನೆದುರಿನ ಸೇತುವೆ ಕಡಿದು ನಿಂತಿದೆ. ನಿನ್ನ ಹಾಳೆಯ ಮೇಲಿನದು ಈ ದಡದಿಂದ ಆ ದಡದವರೆಗೂ ಇಡಿಯಾಗಿದೆಯಲ್ಲ!

ಚಿತ್ರಕಾರ: ಬೇಕೆಂದೇ ಹಾಗೆ ಬರೆದೆ, ಮೇಷ್ಟ್ರೇ. 2018ರ ಪ್ರವಾಹ ಕೊಚ್ಚಿಕೊಂಡು ಹೋದುದು ಚಿತ್ರದಲ್ಲಾದರೂ ಉಳಿಯಲಿ. ಭಿನ್ನವಾದ ವಿಗ್ರಹಕ್ಕೆ ಪೂಜೆ ಸಲ್ಲದೆಂದು ತಾವೇ ಹೇಳುತ್ತಿದ್ದಿರಿ.

ಉಪಾಧ್ಯಾಯರು: ವಿಗ್ರಹದ ಮಾತು ಬೇರೆ. ಶ್ರೀರಂಗಪಟ್ಟಣದ ಆದಿರಂಗನಿಗೂ ಶ್ರೀರಂಗದ ಅಂತ್ಯರಂಗನಿಗೂ ನಡುವೆ ಮಧ್ಯರಂಗನೆನಿಸಿ ಈ ದ್ವೀಪದಲ್ಲಿ ಪವಡಿಸಿರುವ ಜಗನ್ಮೋಹನ ರಂಗನಾಥನನ್ನು ಕಡೆದ ಶಿಲ್ಪಿಯು, ಮುಂದೆ ಬಂದು ನಿಲ್ಲುವ ಭಕ್ತನ ಕಣ್ಣನ್ನು ನೆನೆದೇ ಉಳಿ ಹಿಡಿದಿರಬೇಕು. ಸೋಮನಾಥಪುರದಲ್ಲಿ ಮಲ್ಲಿತಮ್ಮನು ತನ್ನ ಮೂರ್ತಿಗಳ ಕೆಳಗೆ ಹೆಸರನ್ನೇ ಕೊರೆದಿಟ್ಟನು. ಇಲ್ಲಿ ಬಂಡೆಯಲ್ಲಿ ಕಂಬ ನೆಟ್ಟು, ಕಮಾನಿನ ಹಂಗಿಲ್ಲದೆ ಅದರ ಮೇಲೆ ಕಲ್ಲಿನ ತೊಲೆ ಹೊರಿಸಿದ ಒಡ್ಡನು ಯಾವ ಕಂಬದ ಮೇಲೆ ತನ್ನ ಹೆಸರು ಬಿಟ್ಟಿದ್ದಾನೆ? ಅವನು ನೆನೆದದ್ದು ದಾಟುವವರ ಕಾಲನ್ನು.

ಚಿತ್ರಕಾರ: ಆದರೂ ಚೆಲುವಾಗಿದೆ.

ಉಪಾಧ್ಯಾಯರು: ಹೌದು, ಬಹಳ ಚೆಲುವಾಗಿದೆ.

ಚಿತ್ರಕಾರ: ಒಂದು ಸಂದೇಹ, ಮೇಷ್ಟ್ರೇ. ಇದ್ದುದನ್ನು ಇದ್ದಂತೆಯೇ ಬರೆಯಬೇಕೆಂದರೆ, ಬೇಸಿಗೆಯಲ್ಲಿ ಬರಿಯ ಬಂಡೆಯಾಗಿ ನಿಲ್ಲುವ ಇಲ್ಲಿಯ ಗಗನಚುಕ್ಕಿ ಜಲಪಾತವನ್ನೂ ಹಾಗೆಯೇ ಬರೆಯಬೇಕೆ? ನೀರನ್ನು ಕಾಲುವೆಗೆ ತಿರುಗಿಸಿದವರು ಮನುಷ್ಯರೇ ತಾನೆ?

ಉಪಾಧ್ಯಾಯರು: ಅದು ದೊಡ್ಡ ಕಥೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೊದಲಾದ ಕೆಲಸ 1902ರಲ್ಲಿ ಫಲಿಸಿತು. ಇಲ್ಲಿಯ ನೀರಿನಿಂದ ಹುಟ್ಟಿದ ವಿದ್ಯುತ್ತು 90ಕ್ಕೂ ಹೆಚ್ಚು ಮೈಲಿ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು. ಆ ಬೆಳಕಿನಲ್ಲಿ ಓದಿದವರೆಷ್ಟು ಮಂದಿ! ಜಲಪಾತದ ಚೆಲುವು ಅಷ್ಟು ತಗ್ಗಿದ್ದಕ್ಕೆ ನಾನು ಕೊರಗಲಾರೆ... ಇರಲಿ, ನಾವು ಎಲ್ಲಿಗೋ ಹೊರಟುಹೋದೆವು. ಸೇತುವೆಗೆ ಬಾ.

ಚಿತ್ರಕಾರ: ಅಪ್ಪಣೆ.

ಉಪಾಧ್ಯಾಯರು: ಇಲ್ಲಿಯ ಮೊದಲ ಸೇತುವೆ ಉಮ್ಮತ್ತೂರಿನ ಗಂಗರಾಜನ ಕಾಲದ್ದೆಂದು ಜನ ಹೇಳುತ್ತಾರೆ. ಅದು ಪಾಳುಬಿದ್ದು, ದ್ವೀಪವೆಲ್ಲ ಕಾಡಾಗಿ, ದೇವರಿಗೆ ದೀಪ ಹಚ್ಚುವವರೂ ಬರಲಾರದೆ ಹೋದ ಮೇಲೆ, 19ನೆಯ ಶತಮಾನದ ಪೂರ್ವಾರ್ಧದಲ್ಲಿ ರಾಮಸ್ವಾಮಿ ಮೊದಲಿಯಾರರು ಕೈಯಿಂದ ಹಣ ಹಾಕಿ, ವರ್ಷಗಟ್ಟಲೆ ದುಡಿಸಿ, ಹೊಳೆಗೆ ಮತ್ತೆ ಸೇತುವೆ ಕಟ್ಟಿಸಿದರು. ಆ ಪುಣ್ಯಾತ್ಮರೂ ಮುರಿದುದನ್ನು ಇಡಿಯಾಗಿಸಿದವರೇ, ನೀನೂ ಹಾಗೆ ಮಾಡಿದವನೇ. ಅವರು ಇಡಿಯಾಗಿಸಿದ ಸೇತುವೆಯ ಮೇಲೆ ಎತ್ತಿನ ಗಾಡಿ ಹೋಯಿತು, ಹುಲ್ಲುಹೊರೆ ಹೊತ್ತ ಹೆಂಗಸು ಹೋದಳು. ನಿನ್ನದರ ಮೇಲೆ ಯಾರು ಹೋದಾರು? ಇನ್ನು ನನಗಿರುವ ಭಯ ಕೇಳು: ನಿನ್ನ ಚಿತ್ರವನ್ನು ಗೋಡೆಗೆ ತೂಗುಹಾಕಿಕೊಂಡವನು, ಸೇತುವೆ ಕ್ಷೇಮವಾಗಿದೆಯೆಂದು ನೆಮ್ಮದಿಯಿಂದ ಮಲಗುತ್ತಾನೆ. ಬಿದ್ದ ಕಲ್ಲನ್ನು ಮತ್ತೆ ನಿಲ್ಲಿಸಬೇಕಾದರೆ, ಅದು ಬಿದ್ದಿದೆಯೆಂಬ ನೋವು ಮೊದಲು ಯಾರ ಎದೆಯಲ್ಲಾದರೂ ಇರಬೇಕಷ್ಟೆ? ಆ ನೋವನ್ನು ನಿನ್ನ ಕುಂಚ ಒರಸಿಹಾಕಿದೆ. ನೀನು ಈ ಹೊಳೆಯನ್ನು ಪ್ರೀತಿಸುವವನೆಂದು ಬಲ್ಲೆ. ಬಲ್ಲೆನಾದುದರಿಂದಲೇ ಇಷ್ಟು ನಿಷ್ಠುರವಾಗಿ ನುಡಿದೆ.

ಚಿತ್ರಕಾರ: ನಾನು ಹೀಗೆ ಯೋಚಿಸಿರಲಿಲ್ಲ. (ಸ್ವಲ್ಪ ಹೊತ್ತಿನ ಮೇಲೆ) ಆದರೆ ಮೇಷ್ಟ್ರೇ, ಮುರಿದುದನ್ನು ಬರೆದರೆ ಅದೂ ಚೆಲುವಾಗಿಬಿಡುತ್ತದಲ್ಲ? ಪಾಳು ಕಂಬ, ಸಂಜೆಯ ಬಿಸಿಲು, ಹರಿಯುವ ನೀರು: ಕೊಳ್ಳುವವರು ಅದನ್ನೇ ಮೆಚ್ಚಿ ಕೊಂಡಾರು. ಆಗ ಆ ನೋವು ಎಲ್ಲಿ ಉಳಿಯಿತು?

ಉಪಾಧ್ಯಾಯರು: ...

ಚಿತ್ರಕಾರ: ತಪ್ಪು ಕೇಳಿದೆನೆ?

ಉಪಾಧ್ಯಾಯರು: ಇಲ್ಲ. ನನಗೆ ಉತ್ತರ ತೋಚಲಿಲ್ಲ. ಬಿದ್ದ ಕಂಬಗಳು ಎಷ್ಟು?

ಚಿತ್ರಕಾರ: ಇಲ್ಲಿಂದ ತಿಳಿಯದು. ಹೊಳೆಗೆ ಇಳಿದು ಎಣಿಸಬೇಕು.

ಉಪಾಧ್ಯಾಯರು: ಹಾಗಾದರೆ ಕೈ ಕೊಡು, ಇನ್ನೂ ಬೆಳಕಿದೆ.