ಕಾಣದಿರುವುದು ಮತ್ತು ಇಲ್ಲದಿರುವುದು: ಶಾಲಾ ಬಾಲಕಿಯರ ಬ್ಯಾಸ್ಕೆಟ್‌ಬಾಲ್ ಶ್ರೇಯಾಂಕದ ನ್ಯಾಯ

ಪ್ರೌಢಶಾಲೆಯ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುವ ಪಟ್ಟಿಯು ಮೇಲ್ನೋಟಕ್ಕೆ ಕ್ರೀಡಾ ಆಡಳಿತದ ಒಂದು ಸಣ್ಣ ಕಾಗದವಾಗಿ ಕಂಡರೂ, ಅದರೊಳಗೆ ತತ್ತ್ವಶಾಸ್ತ್ರದ ಎರಡು ಹಳೆಯ ಪ್ರಶ್ನೆಗಳು ಹೆಣೆದುಕೊಂಡಿವೆ. ಯಾರಿಗೆ ಏನು ಸಲ್ಲಬೇಕು ಎಂಬ ನ್ಯಾಯದ ಪ್ರಶ್ನೆ ಒಂದಾದರೆ, ಒಬ್ಬರ ಯೋಗ್ಯತೆ ಇಂಥದ್ದೆಂದು ತಿಳಿಯುವುದು ಯಾವ ಪ್ರಮಾಣದಿಂದ, ಅಂದರೆ ಯಾವ ನಂಬಲರ್ಹ ಸಾಧನದಿಂದ, ಎಂಬ ಜ್ಞಾನಮೀಮಾಂಸೆಯ ಪ್ರಶ್ನೆ ಇನ್ನೊಂದು. ಶ್ರೇಯಾಂಕದ ಬಗೆಗಿನ ಜಗಳಗಳೆಲ್ಲ ಸಾಮಾನ್ಯವಾಗಿ ಮೊದಲ ಪ್ರಶ್ನೆಯ ಸುತ್ತಲೇ ನಡೆಯುತ್ತವೆ. ಆದರೆ ಅನ್ಯಾಯದ ಬೇರು ಹೆಚ್ಚಾಗಿ ಎರಡನೆಯದರಲ್ಲಿದೆ.

ಕರ್ನಾಟಕದ ಶಾಲಾ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಅಲ್ಲಿಂದ ಮುಂದಿನದು 1954ರಲ್ಲಿ ಸ್ಥಾಪನೆಯಾದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟ ನಡೆಸುವ ರಾಷ್ಟ್ರಮಟ್ಟದ ಕೂಟ. ಉತ್ತರ ಕನ್ನಡ ಕಂದಾಯದ ಲೆಕ್ಕದಲ್ಲಿ ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಕಾರವಾರ ಮತ್ತು ಶಿರಸಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿರುವುದರಿಂದ, ಬೇಲೆಕೇರಿಯ ಒಬ್ಬ ಹುಡುಗಿ ಅಂಕೋಲಾ ತಾಲ್ಲೂಕನ್ನು ದಾಟಿ, ಕಾರವಾರ ಶೈಕ್ಷಣಿಕ ಜಿಲ್ಲೆಯನ್ನು ಗೆದ್ದು, ಬೆಳಗಾವಿ ವಿಭಾಗದಲ್ಲಿ ಉಳಿದುಕೊಂಡರೆ ಮಾತ್ರ ರಾಜ್ಯದ ಆಯ್ಕೆಗಾರರ ಕಣ್ಣಿಗೆ ಬೀಳುತ್ತಾಳೆ. ಹೀಗೆ ಬಿದ್ದವಳಿಗೆ ಸಿಗುವುದು ಬರಿಯ ಚಪ್ಪಾಳೆಯಲ್ಲ. ಕ್ರೀಡಾ ವಸತಿ ನಿಲಯದ ಪ್ರವೇಶ, ವೃತ್ತಿಶಿಕ್ಷಣದ ಸೀಟು ಹಂಚಿಕೆಯಲ್ಲಿರುವ ಕ್ರೀಡಾ ಮೀಸಲಾತಿ, ಮುಂದೊಂದು ದಿನ ರೈಲ್ವೆಯಂಥ ಸಂಸ್ಥೆಯ ನೌಕರಿ, ಇವೆಲ್ಲಕ್ಕೂ ಆ ಮಟ್ಟದಲ್ಲಿ ಆಡಿದ್ದಕ್ಕೆ ಸಿಗುವ ಪ್ರಮಾಣಪತ್ರವೇ ಬಾಗಿಲು. ಆದ್ದರಿಂದ ಈ ಪಟ್ಟಿ ಹೊಗಳಿಕೆಯೂ ಹೌದು, ಹಂಚಿಕೆಯೂ ಹೌದು. ಹೊಗಳಿಕೆಗೆ ಒಪ್ಪುವ ಸಡಿಲತೆ ಹಂಚಿಕೆಗೆ ಒಪ್ಪುವುದಿಲ್ಲ.

ಅಮೆರಿಕದ ತತ್ತ್ವಜ್ಞ ಸ್ಟೀಫನ್ ಡಾರ್ವಾಲ್ 1977ರ ಒಂದು ಪ್ರಬಂಧದಲ್ಲಿ ಗೌರವವನ್ನು ಎರಡು ಬಗೆಯಾಗಿ ವಿಂಗಡಿಸಿದರು. ಎದುರಿಗಿರುವುದು ಒಬ್ಬ ವ್ಯಕ್ತಿ, ಆಕೆಯ ಇರವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮುಂದುವರಿಯಬೇಕು ಎಂದು ನಡೆದುಕೊಳ್ಳುವುದು ಒಂದು ಬಗೆ. ಅದು ಎಲ್ಲರಿಗೂ ಸಮನಾಗಿ ಸಲ್ಲಬೇಕಾದದ್ದು. ಆಕೆಯ ಗುಣ ಅಥವಾ ಸಾಧನೆಯನ್ನು ತೂಗಿ ಮೆಚ್ಚುವುದು ಇನ್ನೊಂದು ಬಗೆ; ಅದು ಸಹಜವಾಗಿಯೇ ಹೆಚ್ಚು ಕಡಿಮೆಯಾಗುವಂಥದ್ದು. ಶ್ರೇಯಾಂಕ ಎರಡನೆಯ ಬಗೆಯ ಗೌರವವನ್ನು ಹಂಚುತ್ತದೆ, ಮತ್ತು ಆ ಹಂಚಿಕೆ ಅಸಮವಾಗಿರುವುದರಲ್ಲಿ ಅನ್ಯಾಯವೇನೂ ಇಲ್ಲ: ಎಲ್ಲರನ್ನೂ ಮೊದಲ ಸ್ಥಾನದಲ್ಲಿಟ್ಟ ಪಟ್ಟಿ ಯಾರನ್ನೂ ಮೆಚ್ಚಿದಂತಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ, ತೂಗುವ ಮೊದಲು ಎಲ್ಲರಿಗೂ ಸಲ್ಲಬೇಕಿದ್ದ ಮೊದಲ ಬಗೆಯ ಗೌರವ ಸಂದಿದೆಯೇ ಎಂಬುದು.

ಇಲ್ಲಿ ಧರ್ಮದ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ. ಮನ್ನಣೆಯ ಹಂಬಲವೇ ಒಂದು ರೋಗವಲ್ಲವೇ, ಫಲದ ಮೇಲೆ ಕಣ್ಣಿಡದೆ ಆಡುವುದನ್ನು ಮಕ್ಕಳಿಗೆ ಕಲಿಸಬೇಡವೇ ಎಂದು ಕೇಳುವವರಿಗೆ ಗೀತೆಯ ನಿಷ್ಕಾಮ ಕರ್ಮದ ಬೆಂಬಲವಿದೆ. ಅನ್ನ, ಚಿನ್ನ, ಪ್ರಣಯಗಳ ಆಸೆಗಿಂತಲೂ ಮನ್ನಣೆಯ ದಾಹ ತೀಕ್ಷ್ಣವಾದದ್ದು, ಅದು ಆತ್ಮವನ್ನೇ ತಿನ್ನುತ್ತದೆ ಎಂಬರ್ಥದ ಎಚ್ಚರಿಕೆಯನ್ನು ಡಿ.ವಿ.ಜಿ.ಯವರ ಕಗ್ಗವೂ ಕೊಟ್ಟಿದೆ. ಆಕ್ಷೇಪ ಗಂಭೀರವಾದದ್ದೇ. ಆದರೆ ನಿಷ್ಕಾಮತೆ ಆಡುವವಳು ತನಗೆ ತಾನೇ ವಿಧಿಸಿಕೊಳ್ಳಬಹುದಾದ ಶಿಸ್ತೇ ಹೊರತು, ಪಟ್ಟಿ ಮಾಡುವವರು ತಮ್ಮ ಅಜಾಗರೂಕತೆಗೆ ಹೊದಿಸಿಕೊಳ್ಳುವ ಮುಸುಕಲ್ಲ. ಹಾಸ್ಟೆಲಿನ ಹಾಸಿಗೆಯನ್ನೂ ಕಾಲೇಜಿನ ಸೀಟನ್ನೂ ಪಟ್ಟಿಯ ಮೇಲೆ ಹಂಚುತ್ತ, ಪಟ್ಟಿಯಲ್ಲಿಲ್ಲದ ಹದಿನೈದರ ಹುಡುಗಿಗೆ ಮಾತ್ರ ವೈರಾಗ್ಯವನ್ನು ಬೋಧಿಸುವುದು ಗೀತೆಯ ಓದಲ್ಲ.

ಇನ್ನು ತೂಗುವ ವಿಧಾನ. ಬ್ಯಾಸ್ಕೆಟ್‌ಬಾಲ್‌ನ ಅಧಿಕೃತ ಸ್ಕೋರ್ ಶೀಟಿನಲ್ಲಿ ಪ್ರತಿ ಆಟಗಾರ್ತಿಯ ಹೆಸರಿನ ಮುಂದೆ ದಾಖಲಾಗುವುದು ಮುಖ್ಯವಾಗಿ ಆಕೆ ಗಳಿಸಿದ ಪಾಯಿಂಟು ಮತ್ತು ಆಕೆ ಮಾಡಿದ ಫೌಲು. ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿದವಳು, ಸರಿಯಾದ ಕ್ಷಣದಲ್ಲಿ ಪಾಸ್ ಕೊಟ್ಟವಳು, ಎದುರಾಳಿಯ ದಾರಿಗೆ ಅಡ್ಡ ನಿಂತು ಗೆಳತಿಗೆ ಜಾಗ ಮಾಡಿಕೊಟ್ಟವಳು ಆ ಕಾಗದದಲ್ಲಿ ಇಲ್ಲ. ಅವರನ್ನು ದಾಖಲಿಸಲು ಬೇರೆಯೇ ಅಂಕಿಅಂಶಗಾರರು ಬೇಕು, ತಾಲ್ಲೂಕು ಮಟ್ಟದ ಕೂಟಕ್ಕೆ ಅವರನ್ನು ಯಾರು ತಂದಾರು? ಹೀಗಾಗಿ ಕಾಗದವನ್ನು ನೋಡಿ ಮಾಡಿದ ಶ್ರೇಯಾಂಕ ಬುಟ್ಟಿಗೆ ಹಾಕಿದವರ ಶ್ರೇಯಾಂಕವಾಗಿಬಿಡುತ್ತದೆ. 1892ರಲ್ಲಿ, ಅಂದರೆ ನೈಸ್ಮಿತ್ ಈ ಆಟವನ್ನು ರೂಪಿಸಿದ ಮರುವರ್ಷವೇ, ಅಮೆರಿಕದ ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಅದನ್ನು ಕಲಿಸಿದ ಸೆಂಡಾ ಬೆರೆನ್ಸನ್ ಅಂಕಣವನ್ನು ಮೂರು ಪಾಲು ಮಾಡಿ, ಒಬ್ಬಳೇ ಎಲ್ಲವನ್ನೂ ಆವರಿಸಿಕೊಳ್ಳದಂತೆ ನಿಯಮ ಕಟ್ಟಿದ್ದರು. ಹೆಣ್ಣುದೇಹ ದಣಿಯಬಾರದೆಂಬ ಆ ಕಾಲದ ಪೂರ್ವಗ್ರಹವೂ ಅದರಲ್ಲಿ ಬೆರೆತಿತ್ತು, ನಿಜ. ಆದರೂ ಕೂಡಿ ಆಡುವುದೇ ಈ ಆಟದ ಸತ್ತ್ವ ಎಂಬ ತಿಳಿವು ಇಂದಿನ ಸ್ಕೋರ್ ಶೀಟಿಗಿಂತ ಅಲ್ಲಿ ಹೆಚ್ಚು ಸ್ಪಷ್ಟವಾಗಿತ್ತು.

ಬರಿಯ ಪಾಯಿಂಟು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದಕ್ಕೆ ಅಮೆರಿಕದ ಪ್ರೌಢಶಾಲೆಗಳೇ ಸಾಕ್ಷಿ. 1990ರಲ್ಲಿ ಲಿಸಾ ಲೆಸ್ಲಿ ಪಂದ್ಯದ ಮೊದಲರ್ಧದಲ್ಲೇ 101 ಪಾಯಿಂಟು ಗಳಿಸಿದಾಗ ಎದುರು ತಂಡ ದ್ವಿತೀಯಾರ್ಧಕ್ಕೆ ಅಂಕಣಕ್ಕಿಳಿಯಲಿಲ್ಲ. 2006ರಲ್ಲಿ ನ್ಯೂಯಾರ್ಕಿನ ಎಪಿಫನಿ ಪ್ರಿನ್ಸ್ 113 ಪಾಯಿಂಟು ಗಳಿಸಿ ದಾಖಲೆ ಬರೆದ ಪಂದ್ಯ ಮುಗಿದದ್ದು 137-32ರಲ್ಲಿ. ಇಬ್ಬರೂ ಅಸಾಮಾನ್ಯ ಆಟಗಾರ್ತಿಯರೆಂಬುದನ್ನು ಅವರ ಮುಂದಿನ ಬದುಕು ತೋರಿಸಿಕೊಟ್ಟಿತಾದರೂ, ಆ ದಿನದ ಸಂಖ್ಯೆ ಅದನ್ನು ತೋರಿಸಿತೇ ಎಂಬುದು ಬೇರೆ ಮಾತು. ಯಜಮಾನನು ತಾನೇ ಮನುಷ್ಯರೆಂದು ಗಣಿಸದ ದಾಸರಿಂದ ಪಡೆಯುವ ಮನ್ನಣೆ ಅವನಿಗೆ ಉಪಯೋಗಕ್ಕೆ ಬಾರದು ಎಂಬ ಹೆಗೆಲ್‌ನ 1807ರ ವಾದ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ: ಎದುರಾಳಿ ಎದುರಾಳಿಯಾಗಿ ಉಳಿಯದ ಕಡೆ ಗೆಲುವಿನ ಅಳತೆಯೂ ಅಳತೆಯಾಗಿ ಉಳಿಯುವುದಿಲ್ಲ.

ರಾಜಕೀಯ ತತ್ತ್ವಶಾಸ್ತ್ರಕ್ಕೆ ಬ್ಯಾಸ್ಕೆಟ್‌ಬಾಲ್ ಕಾಲಿಟ್ಟದ್ದು 1974ರಲ್ಲಿ, ರಾಬರ್ಟ್ ನೋಜಿಕ್ ತಮ್ಮ ವಾದಕ್ಕೆ ವಿಲ್ಟ್ ಚೇಂಬರ್ಲೇನ್‌ನನ್ನು ಉದಾಹರಣೆಯಾಗಿ ತೆಗೆದುಕೊಂಡಾಗ. ಜನ ತಾವಾಗಿಯೇ ಇಪ್ಪತ್ತೈದು ಸೆಂಟು ಹೆಚ್ಚು ಕೊಟ್ಟು ಅವನ ಆಟ ನೋಡಿದರೆ, ಅವನು ಶ್ರೀಮಂತನಾದದ್ದರಲ್ಲಿ ತಪ್ಪೇನು ಎಂಬುದು ಅವರ ಪ್ರಶ್ನೆ. ಅದಕ್ಕೆ ಮೂರು ವರ್ಷ ಮೊದಲೇ ಜಾನ್ ರಾಲ್ಸ್, ಹುಟ್ಟಿನಿಂದ ಬಂದ ಸಾಮರ್ಥ್ಯಗಳು ನೈತಿಕವಾಗಿ ಯಾದೃಚ್ಛಿಕ, ಅಂದರೆ ಯಾರೂ ಪುಣ್ಯ ಮಾಡಿ ಗಳಿಸಿದವಲ್ಲ, ಎಂದು ವಾದಿಸಿದ್ದರು. ನೆಲದಿಂದ 3.05 ಮೀಟರ್ ಎತ್ತರದಲ್ಲಿ ಬಳೆಯಿರುವ ಆಟದಲ್ಲಿ ಮೈಯ ಎತ್ತರಕ್ಕಿಂತ ಒಳ್ಳೆಯ ನಿದರ್ಶನ ರಾಲ್ಸ್‌ಗೆ ಬೇಕಿರಲಿಲ್ಲ. ವಯೋಮಿತಿಯ ಕೊನೆಯ ದಿನಾಂಕದ ಹಿಂದೆ ಮುಂದೆ ಹುಟ್ಟಿದ ತಿಂಗಳೂ, ಬೇಗ ಮೈನೆರೆದ ಅಥವಾ ತಡವಾಗಿ ಬೆಳೆದ ದೇಹವೂ ಹಾಗೆಯೇ. ಇಬ್ಬರ ವಾದಗಳೂ ಬಲವಾಗಿವೆ, ಆದರೆ ಎರಡರಲ್ಲೂ ಒಂದು ಕೊರತೆಯಿದೆ. ನೋಜಿಕ್ ಶುರುಮಾಡುವುದೇ ಎಲ್ಲರೂ ಆಗಲೇ ಕಂಡಿರುವ ಚೇಂಬರ್ಲೇನ್‌ನಿಂದ. ರಾಲ್ಸ್ ಮಾತಾಡುವುದು ಸಾಮರ್ಥ್ಯ ಹಂಚಿಹೋದ ಬಗೆಯ ಕುರಿತು. ಸಾಮರ್ಥ್ಯವಿದ್ದೂ ಕಾಣಿಸದೆ ಹೋದವಳ ಪ್ರಶ್ನೆಯನ್ನು ಮುಖಾಮುಖಿಯಾಗಿ ಎತ್ತಿಕೊಂಡವರು ಭಾರತೀಯ ಪ್ರಮಾಣಶಾಸ್ತ್ರಜ್ಞರು, ಅದೂ ಆಟದ ಯೋಚನೆಯೇ ಇಲ್ಲದೆ.

ಕುಮಾರಿಲ ಭಟ್ಟನ ಮೀಮಾಂಸಾ ಪರಂಪರೆ ಮತ್ತು ಅದನ್ನು ಅನುಸರಿಸಿದ ಅದ್ವೈತಿಗಳು ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬುದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಅಲ್ಲಿಲ್ಲ ಎಂಬ ತಿಳಿವು ಹೇಗೆ ಬಂತು ಎಂಬುದು ಅವರ ಚರ್ಚೆ. ಆದರೆ ಕಂಡಿಲ್ಲ ಎಂಬುದರಿಂದ ಇಲ್ಲ ಎಂಬುದಕ್ಕೆ ಜಿಗಿಯಲು ಅವರು ಒಂದು ಕಟ್ಟುನಿಟ್ಟಾದ ಷರತ್ತು ಹಾಕುತ್ತಾರೆ: ಅದು ಯೋಗ್ಯಾನುಪಲಬ್ಧಿಯಾಗಿರಬೇಕು, ಅಂದರೆ ಆ ವಸ್ತು ಅಲ್ಲಿ ಇದ್ದಿದ್ದೇ ಆದರೆ ಖಂಡಿತ ಕಾಣಿಸುತ್ತಿತ್ತು ಎನ್ನುವಂಥ ಪರಿಸ್ಥಿತಿ ಇರಬೇಕು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಗಡಿಗೆಯ ವಿಷಯ ಏನೂ ತಿಳಿಯಲಿಲ್ಲವೆಂದಷ್ಟೇ ಅರ್ಥ. ಈ ಅಭಾವಜ್ಞಾನ ಪ್ರತ್ಯಕ್ಷದ್ದೇ ಒಂದು ಬಗೆ ಎಂದು ನೈಯಾಯಿಕರು ತಕರಾರು ತೆಗೆಯುತ್ತಾರಾದರೂ, ಯೋಗ್ಯತೆಯ ಷರತ್ತನ್ನು ಅವರೂ ಬಿಡುವುದಿಲ್ಲ.

ಈ ಷರತ್ತನ್ನು ಕಾರವಾರ–ಅಂಕೋಲಾ ಕರಾವಳಿಗೆ ತಂದು ನೋಡಬೇಕು. ಇಲಾಖೆಯ ಕ್ರೀಡಾಕೂಟಗಳ ಮೊದಲ ಸುತ್ತುಗಳು ಬರುವುದು ಸಾಮಾನ್ಯವಾಗಿ ಮಳೆಗಾಲದ ತಿಂಗಳುಗಳಲ್ಲಿ. ಅರಬ್ಬೀ ಸಮುದ್ರಕ್ಕೂ ಘಟ್ಟಕ್ಕೂ ನಡುವಿನ ಈ ಪಟ್ಟಿಯಲ್ಲಿ ಆಗ ಬಯಲು ಮೈದಾನವೆಂದರೆ ಕೆಸರು. ಥ್ರೋಬಾಲ್, ಕಬಡ್ಡಿ, ಕೊಕ್ಕೊಗಳಿಗೆ ಗೆರೆ ಎಳೆದ ನೆಲ ಸಾಕು; ಬ್ಯಾಸ್ಕೆಟ್‌ಬಾಲ್‌ಗೆ 28 ಮೀಟರ್ ಉದ್ದ, 15 ಮೀಟರ್ ಅಗಲದ, ಚೆಂಡು ಪುಟಿಯುವಷ್ಟು ಗಟ್ಟಿಯಾದ ಅಂಕಣವೂ, ಹಲಗೆ ಹೊತ್ತ ಎರಡು ಕಂಬಗಳೂ ಬೇಕು. ದೈಹಿಕ ಶಿಕ್ಷಣ ಶಿಕ್ಷಕರಿಲ್ಲದ ಶಾಲೆಗಳು ರಾಜ್ಯದಲ್ಲಿ ಅಪರೂಪವೇನಲ್ಲ. ಮೀನುಗಾರಿಕೆಯ ಊರಿನಲ್ಲಿ ಓಟ, ನೆಗೆತ, ಕೈಯ ಚುರುಕು ಇರುವ ಹುಡುಗಿ ಈ ಆಟವನ್ನು ಮುಟ್ಟದೆಯೇ ಹತ್ತನೇ ತರಗತಿ ಮುಗಿಸಬಹುದು. ಅಂಕಣ, ಚೆಂಡು, ಕಲಿಸುವವರು ಮತ್ತು ನೋಡುವವರು ಎಲ್ಲ ಇದ್ದೂ ಅವಳು ಎದ್ದು ಕಾಣದಿದ್ದರೆ ಅದು ಯೋಗ್ಯಾನುಪಲಬ್ಧಿ, ಪಟ್ಟಿ ನ್ಯಾಯವಾದದ್ದು. ಅವು ಇಲ್ಲದೆ ಕಾಣದಿದ್ದರೆ ಆ ಮೌನವನ್ನು ತೀರ್ಪೆಂದು ಓದುವುದು ಪ್ರಮಾಣದೋಷ. ದಾಖಲೆಗೂ ವಸ್ತುವಿಗೂ ನಡುವಿನ ಅಂತರ ಬೇಲೆಕೇರಿಗೆ ಹೊಸದಲ್ಲ ಎಂದು ಇಲ್ಲಿ ನೆನೆಯಬಹುದು: ಜಪ್ತಿಯ ದಾಖಲೆಯಲ್ಲಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಬಂದರಿನಲ್ಲಿ ಇರಲಿಲ್ಲ ಎಂಬ 2010ರ ಪ್ರಕರಣದಿಂದಲೇ ಊರಿನ ಹೆಸರು ದೇಶಕ್ಕೆ ಗೊತ್ತಾಯಿತು. ಅಲ್ಲಿ ಬರೆದದ್ದು ಇರಲಿಲ್ಲ. ಇಲ್ಲಿ ಇರುವುದನ್ನು ಬರೆಯಲಾಗುತ್ತಿಲ್ಲ.

ಕಾಣುವಂತೆ ಮಾಡುವ ಪ್ರಯತ್ನವೇ ನಡೆದಿಲ್ಲವೆಂದಲ್ಲ. 1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಭಾಗದ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕಮಲಾ ಮಿಂಗೆಲ್ ಸಿದ್ದಿ ಅವರಂಥವರು ರಾಷ್ಟ್ರಮಟ್ಟದ ಅಥ್ಲೀಟ್‌ಗಳಾಗಿ ಹೊರಬಂದರು. ಕೆಲವೇ ವರ್ಷಗಳಲ್ಲಿ, 1990ರ ದಶಕದ ಆರಂಭದಲ್ಲಿ, ಯೋಜನೆಯ ಈ ಭಾಗ ನಿಂತುಹೋಯಿತು. ಮಕ್ಕಳು ಮನೆಗೆ ಮರಳಿದರು. ಈ ಪ್ರಸಂಗವನ್ನು ಬರಿಯ ಆಡಳಿತದ ವೈಫಲ್ಯವೆಂದು ಓದುವುದು ರೂಢಿ. ತಾತ್ತ್ವಿಕವಾಗಿ ಅದಕ್ಕಿಂತ ತೊಡಕಿನ ಸಂಗತಿಯೊಂದು ಅದರಲ್ಲಿದೆ. ಆಫ್ರಿಕಾ ಮೂಲದವರ ಮೈಯಲ್ಲಿ ಓಟ ಇದ್ದೇ ಇರುತ್ತದೆ ಎಂಬ ಊಹೆ ಆ ಆಯ್ಕೆಯ ಹಿಂದಿತ್ತು. ಹಾಗೆ ನೋಡಿದರೆ ಅಲ್ಲಿ ಕಂಡದ್ದು ಇಂಥ ಮನೆಯ ಇಂಥ ಹುಡುಗಿಯಲ್ಲ, ಒಂದು ಜನಾಂಗದ ಚಿತ್ರ; ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಪ್ರತ್ಯಕ್ಷದ ಜಾಗದಲ್ಲಿ ಒಂದು ದುರ್ಬಲ ಅನುಮಾನ, ಅಂದರೆ ಲಕ್ಷಣದಿಂದ ಮಾಡಿದ ತರ್ಕ. ಚಿತ್ರವನ್ನು ಮೆಚ್ಚಿದವರಿಗೆ, ಪದಕ ಬೇಗ ಬಾರದೆ ಚಿತ್ರ ಮಸುಕಾದಾಗ, ಎದುರಿಗಿದ್ದ ಮಕ್ಕಳನ್ನು ಬಿಟ್ಟುಕೊಡುವುದು ಸುಲಭವಾಯಿತೆನ್ನಬೇಕು. ಅದೇ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ: ದೇಹಬಲಕ್ಕಾಗಿ ಹುಡುಕಿಕೊಂಡು ಬಂದ ಸರ್ಕಾರ ಹಕ್ಕಿಗಾಗಿ ಬರಲು ಇನ್ನೂ ಹದಿನೈದು ವರ್ಷ ತೆಗೆದುಕೊಂಡಿತು. ಮೆಚ್ಚುಗೆ ಮೊದಲು, ವ್ಯಕ್ತಿಯೆಂಬ ಗಣನೆ ಆಮೇಲೆ ಎಂಬ ಈ ತಿರುವುಮುರುವು ಡಾರ್ವಾಲ್‌ನ ವಿಂಗಡಣೆಗೆ ಸಿಗಬಹುದಾದ ಅತ್ಯಂತ ಹತ್ತಿರದ ಉದಾಹರಣೆ. ಎತ್ತರದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಬ್ಯಾಸ್ಕೆಟ್‌ಬಾಲ್‌ಗೆ ಆರಿಸುವ ರೂಢಿಯೂ ಇದರ ಸೌಮ್ಯ ರೂಪವೇ.

ಕಂಡ ಮೇಲಾದರೂ ಏನನ್ನು ಹೇಳಬಹುದು? ಇದೇ ಜಿಲ್ಲೆಯ ಸೋಂದೆಯ ಸ್ವಾದಿ ಮಠ, ಗೇರುಸೊಪ್ಪೆ, ಹಾಡುವಳ್ಳಿಗಳಲ್ಲಿ ಶತಮಾನಗಳ ಕಾಲ ಬಾಳಿದ ಜೈನ ದರ್ಶನದ ಸ್ಯಾದ್ವಾದ ಇಲ್ಲಿ ಉಪಯುಕ್ತ. ಯಾವುದೇ ವಸ್ತುವಿನ ಕುರಿತ ಹೇಳಿಕೆ ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕು ಅಪೇಕ್ಷೆಗಳಿಗೆ ಒಳಪಟ್ಟೇ ನಿಜವಾಗುತ್ತದೆ ಎಂಬುದು ಅದರ ನಿಲುವು. ಈ ಅಪೇಕ್ಷೆಗಳನ್ನು ಅಳಿಸಿ ಒಂದು ದೃಷ್ಟಿಯನ್ನೇ ಪೂರ್ಣವೆಂದು ಹಿಡಿಯುವುದನ್ನು ಜೈನರು ದುರ್ನಯ ಎನ್ನುತ್ತಾರೆ. ಆಕೆ ಒಂದನೆಯವಳು ಎಂಬ ವಾಕ್ಯಕ್ಕೆ ಇದನ್ನು ಅನ್ವಯಿಸಿದರೆ, ಇಂಥ ತಂಡದೊಳಗೆ, ಇಂಥ ಅಂಕಣದಲ್ಲಿ, ಇಂಥ ತಿಂಗಳಿನಲ್ಲಿ, ದೇಹವೂ ಮನಸ್ಸೂ ಹೀಗಿದ್ದಾಗ ಆಕೆ ಒಂದನೆಯವಳು ಎಂದಾಗುತ್ತದೆ. ಪಟ್ಟಿಯ ತಲೆಯಲ್ಲಿ ಎಷ್ಟು ಶಾಲೆಗಳು ಆಡಿದವು, ಎಷ್ಟು ಪಂದ್ಯ ನೋಡಲಾಯಿತು, ಯಾವ ತಾಲ್ಲೂಕಿನಿಂದ ತಂಡವೇ ಬರಲಿಲ್ಲ ಎಂದು ಮೂರು ಸಾಲು ಅಚ್ಚು ಹಾಕಿದರೆ ಈ ದರ್ಶನದ ಬಹುಪಾಲು ಕಾರ್ಯರೂಪಕ್ಕೆ ಬಂದಂತೆ. ಅಷ್ಟಕ್ಕೂ ಯಾರ ಸ್ಥಾನವನ್ನೂ ಕದಲಿಸಬೇಕಾಗಿಲ್ಲ.

ಇವುಗಳಲ್ಲಿ ಕಾಲದ ಅಪೇಕ್ಷೆ ಎಲ್ಲಕ್ಕಿಂತ ನಿಷ್ಠುರವಾದದ್ದು. ಅಂಕೋಲಾ ತಾಲ್ಲೂಕಿನ ಹಾಲಕ್ಕಿ ಒಕ್ಕಲಿಗ ಸಮುದಾಯದ ಇಬ್ಬರು ಹೆಣ್ಣುಮಕ್ಕಳು, ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಮತ್ತು ಗಿಡಗಳ ತಾಯಿಯೆನಿಸಿದ ತುಳಸಿ ಗೌಡ, ಪದ್ಮಶ್ರೀ ಪಡೆದದ್ದು ಕ್ರಮವಾಗಿ 2017 ಮತ್ತು 2020ರ ಸಾಲಿನಲ್ಲಿ, ಇಬ್ಬರಿಗೂ ಎಪ್ಪತ್ತು ದಾಟಿದ ಮೇಲೆ. ಹಾಡು, ಕಾಡು ಎರಡೂ ಕಾದಾವು. ತಡವಾಗಿ ಬಂದ ಮನ್ನಣೆಯೂ ಅಲ್ಲಿ ಮನ್ನಣೆಯಾಗಿಯೇ ಉಳಿಯಿತು. ಹದಿನೇಳರೊಳಗಿನ ವಿಭಾಗದಲ್ಲಿ ಕಾಣದೆ ಹೋದವಳನ್ನು ಹದಿನೆಂಟರಲ್ಲಿ ಕಂಡುಹಿಡಿದರೆ ಆ ವಿಭಾಗದ ಬಾಗಿಲು ಮುಚ್ಚಿಯಾಗಿರುತ್ತದೆ. ಆಕೆಯ ಹಾಸ್ಟೆಲಿನ ಸೀಟು ಬೇರೊಬ್ಬಳದಾಗಿರುತ್ತದೆ.

ಈ ಷರತ್ತುಗಳೆಲ್ಲ ಈಡೇರಿದರೂ ತಂಡದಲ್ಲಿ ಹನ್ನೆರಡೇ ಸ್ಥಾನ. ಹದಿಮೂರನೆಯವಳು ಹೊರಗುಳಿಯುತ್ತಾಳೆ, ಮತ್ತು ಆಕೆಗೂ ಹನ್ನೆರಡನೆಯವಳಿಗೂ ನಡುವಿನ ಅಂತರ ಬಹಳ ಸಲ ಒಂದು ಸಂಜೆಯ ದಣಿವಿನಷ್ಟೇ ಇರುತ್ತದೆ. ಆಕೆಯ ದುಃಖ ನಿಜವಾದದ್ದು, ಆದರೆ ಅದು ಅನ್ಯಾಯದ ದುಃಖವಲ್ಲ. ಯಾವ ಪಂದ್ಯವನ್ನು ಯಾರು ನೋಡಿದರು, ತನ್ನ ಯಾವ ಆಟ ಎಣಿಕೆಗೆ ಬರಲಿಲ್ಲ ಎಂದು ಕೇಳಲು ಆಕೆಗೆ ಒಂದು ಹೆಸರಿದೆ, ಒಂದು ಸ್ಥಾನಸಂಖ್ಯೆಯಿದೆ, ಉತ್ತರ ಕೊಡಬೇಕಾದವರೂ ಇದ್ದಾರೆ. ಅಂಕಣವಿಲ್ಲದ ಊರಿನವಳಿಗೆ ಆ ಪ್ರಶ್ನೆಯನ್ನು ಯಾವ ಕಚೇರಿಗೆ ಬರೆಯಬೇಕೆಂಬುದೇ ತಿಳಿಯದು, ಏಕೆಂದರೆ ಆಕೆಯನ್ನು ಯಾರೂ ತಿರಸ್ಕರಿಸಿಲ್ಲ.